ಸರ್ಕಾರಿ ಹಾಸಿಗೆ

ಬೆಟ್ಟಕ್ಕೆ ಬೆಂಕಿ ಬಿದ್ದಾಗ ನಮ್ಮ ಬೀದಿಯವರೆಲ್ಲ ಹೆದರಿದರು. ಹಾಸಿಗೆ ಮೇಸ್ತ್ರಿಗಳೂ ಹೆದರಿದರು, ಆದರೆ ಒಂದೇ ಒಂದು ದಿನ. ಮಾರನೆಯ ದಿನದಿಂದ ಹೆದರುವುದನ್ನು ಬಿಟ್ಟು ಹೊಟ್ಟೆ ಉರಿದುಕೊಳ್ಳತೊಡಗಿದರು.

ಇದಕ್ಕೆ ಅವರೊಬ್ಬರನ್ನೇ ದೂರುವುದು ಸರಿಯಲ್ಲ. ಅರ್ಧ ತಪ್ಪು ಸರ್ಕಾರದ್ದು, ಇನ್ನರ್ಧ ರಸ್ತೆಯದ್ದು. ನಮ್ಮ ಬೀದಿ ಇರುವುದು ಬೆಟ್ಟದ ಬುಡದಲ್ಲಿ. ಬೆಟ್ಟಕ್ಕೆ ಬೆನ್ನು ಹಾಕಿಕೊಂಡು ಒಂದು ಸಾಲು ಮನೆ, ಈಚೆಗೆ ಒಂದು ಸಾಲು ಮನೆ, ನಡುವೆ ರಸ್ತೆ. ಪೊಲೀಸರು ಮೈಕು ಹಿಡಿದು ಬಂದವರು ಬೆಟ್ಟದ ಸಾಲಿನವರೆಲ್ಲ ಕೂಡಲೇ ಹೊರಡಬೇಕು, ಊಟ ವಸತಿ ಔಷಧಿ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ, ಈಚೆ ಸಾಲಿನವರು ಮನೆಯೊಳಗೇ ಇರಬೇಕು ಎಂದು ಸಾರಿದರು. ಮೇಸ್ತ್ರಿಗಳ ಮನೆ ಮತ್ತು ಅಂಗಡಿ ಈಚೆ ಸಾಲಿನಲ್ಲಿತ್ತು. ಸರಿಯಾಗಿ ಎದುರು ಮನೆಯಲ್ಲಿ, ಬಾಗಿಲಿಗೆ ಬಾಗಿಲು ಕಾಣುವ ಹಾಗೆ, ಅವರ ಷಡ್ಡಕರಾದ ಬಸ್ ಕಂಡಕ್ಟರ್ ಇದ್ದರು. ಮೇಸ್ತ್ರಿಗಳ ಹೆಂಡತಿ ಅಕ್ಕ, ಕಂಡಕ್ಟರ ಹೆಂಡತಿ ತಂಗಿ.

ಮೇಸ್ತ್ರಿಗಳು ಪೊಲೀಸಿನವನನ್ನು ತಡೆದು ನಿಲ್ಲಿಸಿದರು.

"ಸಾರ್, ನಮ್ಮನ್ನ ಯಾವಾಗ ಕರ್ಕೊಂಡು ಹೋಗ್ತೀರಿ?"

"ನಿಮಗೇನೂ ಭಯ ಇಲ್ಲ. ಬೆಂಕಿ ರಸ್ತೆ ದಾಟಲ್ಲ."

"ಅದು ಬೆಂಕಿಗೆ ಗೊತ್ತಾ ಸಾರ್?"

"ಗೊತ್ತಿರುತ್ತೆ. ಒಳಗೆ ಹೋಗಿ."

"ಹೊಗೆ ನಮ್ಮನೆಗೂ ಬರ್ತಿದೆ ಸಾರ್. ಎದುರು ಮನೆಗಿಂತ ನಮ್ಮನೆಗೇ ಜಾಸ್ತಿ. ಬೇಕಾದ್ರೆ ಬಂದು ಮೂಸಿ ನೋಡಿ."

"ಕಿಟಕಿ ಹಾಕ್ಕೊಳ್ಳಿ," ಎಂದು ಪೊಲೀಸಿನವನು ಮುಂದೆ ಹೋದ.

ಸರ್ಕಾರದ ಬಸ್ಸು ಬಂತು. ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದ ಕಂಡಕ್ಟರಿಗೆ ಅಂದು ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೈಗೆ ನೀಲಿ ಪಟ್ಟಿ ಕಟ್ಟಿದರು, ಮಡಿಲಲ್ಲಿ ಒಂದು ಚೀಲ ಇಟ್ಟರು. ಅದರಲ್ಲಿ ಸೋಪು, ಟವೆಲ್ಲು, ಹೊಸ ಬಾಚಣಿಗೆ. ಕಂಡಕ್ಟರ ತಲೆಯಲ್ಲಿ ಬಾಚುವಂಥದ್ದೇನೂ ಇರಲಿಲ್ಲ ಎಂಬುದನ್ನು ಮೇಸ್ತ್ರಿಗಳು ಮರೆಯದೆ ಗಮನಿಸಿದರು.

"ಅಣ್ಣಾ, ಮನೆ ಕಡೆ ಒಂದು ಕಣ್ಣಿರ್ಲಿ," ಎಂದು ಕಂಡಕ್ಟರ್ ಕಿಟಕಿಯಿಂದ ಕೂಗಿದರು.

ಮೇಸ್ತ್ರಿಗಳು ಒಂದಲ್ಲ, ಎರಡೂ ಕಣ್ಣಿಟ್ಟರು. ಆದರೆ ಮನೆಯ ಮೇಲಲ್ಲ, ಬಾಚಣಿಗೆಯ ಮೇಲೆ.

ಶಿಬಿರ ಇದ್ದದ್ದು ಊರಿನ ಆಚೆ ತುದಿಯ ಒಳಾಂಗಣ ಕ್ರೀಡಾಂಗಣದಲ್ಲಿ. ಮೇಸ್ತ್ರಿಗಳ ಹೆಂಡತಿ ದಿನಾ ಹೋಗಿ ತಂಗಿಯನ್ನು ನೋಡಿಕೊಂಡು ಬರುತ್ತಿದ್ದರು, ಬಂದು ವರದಿ ಒಪ್ಪಿಸುತ್ತಿದ್ದರು. ಮೇಸ್ತ್ರಿಗಳು ಕೇಳಿಸದವರ ಹಾಗೆ ಹತ್ತಿ ಹಿಂಜುತ್ತ ಒಂದಕ್ಷರ ಬಿಡದೆ ಕೇಳುತ್ತಿದ್ದರು.

"ಮೂರು ಹೊತ್ತೂ ಬಿಸಿಬಿಸಿ ಊಟ ರೀ. ಡಾಕ್ಟರು ಬಂದು ನಾಡಿ ನೋಡಿ ಹೋಗ್ತಾರೆ. ಕಷ್ಟ ಕೇಳೋದಕ್ಕೇ ಅಂತ ಒಬ್ಬ ಮೇಡಂನ ಇಟ್ಟಿದ್ದಾರೆ. ಪಕ್ಕದಲ್ಲಿ ಕೂತ್ಕೊಂಡು, ಕೈ ಹಿಡ್ಕೊಂಡು, ನಾವು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಾರೆ."

"ಸಂಬಳ ಕೊಟ್ಟು?"

"ಮತ್ತೇನು ಬಿಟ್ಟಿ ಹೂಂ ಅಂತಾರಾ?"

ತಾವು ಹೇಳಿದ್ದಕ್ಕೆ ಯಾರಾದರೂ ಹೂಂ ಅಂದು ಎಷ್ಟು ಕಾಲವಾಯಿತು ಎಂದು ಮೇಸ್ತ್ರಿಗಳು ಯೋಚಿಸಿದರು. ನೆನಪಾಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವರು ಹೇಗೋ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತಿದ್ದರೋ ಏನೋ. ಆದರೆ ಒಂದು ಸಂಜೆ ಟಿವಿಯಲ್ಲಿ ಕಂಡಕ್ಟರ್ ಬಂದರು. ಬೀದಿಯವರೆಲ್ಲ ಸೇರಿದ್ದು ಕಿರಾಣಿ ಅಂಗಡಿಯಮ್ಮನ ಟಿವಿಯ ಮುಂದೆ. ನಾನೂ ಈಚೆ ಸಾಲಿನವನೇ, ನಾನೂ ಅಲ್ಲೇ ಇದ್ದೆ. ಮೈಕು ಹಿಡಿದ ಹುಡುಗಿ ಕೇಳಿದಳು, "ಮನೆ ಬಿಟ್ಟು ಬಂದಿದ್ದೀರಿ ಸಾರ್, ಇಲ್ಲಿ ನಿದ್ರೆ ಹತ್ತುತ್ತಾ?"

"ಏನ್ ಹೇಳ್ಲಿ ಮೇಡಂ," ಎಂದರು ಕಂಡಕ್ಟರ್, ತುಂಬಿದ ಬಸ್ಸಿನ ಹಿಂದಿನ ಬಾಗಿಲಿಗೂ ಕೇಳುವ ಅದೇ ಗಂಟಲಲ್ಲಿ. "ಮದುವೆ ಆದಾಗಿನಿಂದ ನಾನು ನಿದ್ರೇನೇ ಮಾಡಿರಲಿಲ್ಲ ಅಂತ ಈಗ ಗೊತ್ತಾಯ್ತು. ಈ ಹಾಸಿಗೆ ನೋಡಿ, ಸರ್ಕಾರದ್ದು. ತಲೆ ಇಟ್ಟರೆ ಸಾಕು, ಕಣ್ಣು ಮುಚ್ಚುತ್ತೆ. ಮನೇಲಿರೋ ಹಾಸಿಗೆ ಮೇಲೆ ಮಲಗಿ ಎದ್ರೆ ಯಾರೋ ಹಿಡಿದು ಬಡಿದ ಹಾಗಿರುತ್ತೆ."

"ಮನೆಯ ಹಾಸಿಗೆ ಎಲ್ಲಿ ಕೊಂಡದ್ದು ಸಾರ್?"

ಕಂಡಕ್ಟರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೊಂಡಿದ್ದಲ್ಲ. ನಮ್ಮ ಷಡ್ಡಕರೇ ಹೊಲಿದುಕೊಟ್ಟಿದ್ದು. ಹಾಸಿಗೆ ಮೇಸ್ತ್ರಿ ಅಂತ, ಬಹಳ ಹೆಸರುವಾಸಿ."

ಕಿರಾಣಿ ಅಂಗಡಿಯಲ್ಲಿ ಎಲ್ಲರೂ ಟಿವಿಯಿಂದ ಕಣ್ಣು ತೆಗೆದು ಮೇಸ್ತ್ರಿಗಳ ಕಡೆ ತಿರುಗಿದರು. ಮೇಸ್ತ್ರಿಗಳು ಚಾವಣಿ ನೋಡಿದರು. ಕ್ಷೌರದಂಗಡಿಯವನು ಗಂಟಲು ಸರಿಮಾಡಿಕೊಂಡು, "ಅಲ್ಲ ಮೇಸ್ತ್ರಿಗಳೇ, ಸರ್ಕಾರದೋರು ಒಳಗೆ ಏನು ತುಂಬಿಸಿರ್ತಾರೆ?" ಎಂದು ಕೇಳಿದ. ಬರೀ ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದು, ಕುಹಕವೇನೂ ಇರಲಿಲ್ಲ. ಅದಕ್ಕೇ ಅದು ಇನ್ನಷ್ಟು ಚುಚ್ಚಿತು.

ಮಾರನೆಯ ಬೆಳಿಗ್ಗೆ ಟೀಚರಮ್ಮ ಅಂಗಡಿಗೆ ಬಂದರು. ಮಗಳ ಹೊಸ ಮನೆಗೆಂದು ಎರಡು ದೊಡ್ಡ ಹಾಸಿಗೆ ಹೇಳಿದ್ದವರು ಅವರು. "ಅರ್ಜೆಂಟಿಲ್ಲ ಮೇಸ್ತ್ರಿಗಳೇ. ಈ ಹೊಗೆ ಎಲ್ಲಾ ಅಡಗಲಿ, ಆಮೇಲೆ ನೋಡೋಣ," ಎಂದು ಹೇಳಿ ಹೋದರು. ಹೊಗೆಗೂ ಹಾಸಿಗೆಗೂ ಏನು ಸಂಬಂಧ ಎಂದು ಮೇಸ್ತ್ರಿಗಳು ಕೇಳಲಿಲ್ಲ. ಗೊತ್ತಿತ್ತು.

ಆದರೂ ಅವರನ್ನು ನಿಜವಾಗಿ ಕೆಡವಿದ್ದು ಮನೆಯಾಕೆ.

"ನಾನೂ ಒಂದು ಸಲ ಮಲಗಿ ನೋಡ್ದೆ ರೀ," ಎಂದರು ಆಕೆ, ಶಿಬಿರದಿಂದ ಬಂದು ಚಪ್ಪಲಿ ಬಿಡುತ್ತ.

"ಯಾವುದರ ಮೇಲೆ?"

"ಅದೇ, ಸರ್ಕಾರದ್ದು. ಸುಮ್ನೆ ಐದು ನಿಮಿಷ."

"ಹೇಗಿತ್ತು?"

ಆಕೆ ಗೋಡೆಯ ಕಡೆ ನೋಡಿ ಉದ್ದನೆಯ ಉಸಿರೊಂದನ್ನು ಬಿಟ್ಟು ಒಳಗೆ ಹೋದರು. ಇಷ್ಟು ವರ್ಷ ಗಂಡ ಹೊಲಿದ ಹಾಸಿಗೆಯ ಮೇಲೆ ಮಲಗಿದ ಹೆಂಗಸು ಒಮ್ಮೆಯೂ ಅಂಥ ಉಸಿರು ಬಿಟ್ಟವರಲ್ಲ. ಕಾಡಿನ ಕಿಚ್ಚು ರಸ್ತೆ ದಾಟಲಾರದೆ ಆಚೆಯೇ ನಿಂತಿತ್ತು, ಹೊಟ್ಟೆಯ ಕಿಚ್ಚು ಆಗಲೇ ಅಡುಗೆಮನೆಗೆ ಬಂದಿತ್ತು. ಮೇಸ್ತ್ರಿಗಳು ಕತ್ತರಿಯನ್ನೂ ಹಾಸಿಗೆ ಹೊಲಿಯುವ ದಬ್ಬಳವನ್ನೂ ಕೈಚೀಲಕ್ಕೆ ಹಾಕಿಕೊಂಡು, "ಹತ್ತಿ ನೋಡ್ಕೊಂಡು ಬರ್ತೀನಿ," ಎಂದು ಹೊರಟರು. ಅದು ಸುಳ್ಳೇನೂ ಅಲ್ಲ.

ಶಿಬಿರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಸಾಹೇಬರು ಕೂತಿದ್ದರು. ಕೈಗೆ ನೀಲಿ ಪಟ್ಟಿ ಇಲ್ಲದವರಿಗೆ ಹಾಸಿಗೆಯ ಹತ್ತಿರ ಕೂರಲು ಬಿಡುವುದು ಸಂಜೆ ಒಂದು ಗಳಿಗೆ ಮಾತ್ರ, ಅದೂ ನೆಂಟರನ್ನು ನೋಡುವುದಕ್ಕೆ. ಹಾಸಿಗೆಯನ್ನು ನೋಡುವುದಕ್ಕೆ ಬಂದವರಿಗೆ ಯಾವ ವ್ಯವಸ್ಥೆಯೂ ಇರಲಿಲ್ಲ.

"ಯಾವ ಸಾಲು?" ಎಂದರು ಸಾಹೇಬರು.

"ಬೆಟ್ಟದ ಸಾಲು," ಎಂದರು ಮೇಸ್ತ್ರಿಗಳು.

"ಯಾರ ಮನೆ?"

ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತಿದ್ದ ಮನೆ ಒಂದೇ. "ಕಂಡಕ್ಟರ್ ಮನೆ."

"ಅವರೆಲ್ಲ ಮೊದಲೇ ಬಂದ್ರಲ್ಲ. ನೀವು ಇಷ್ಟು ದಿನ ಎಲ್ಲಿದ್ರಿ?"

"ಮನೇಲೇ," ಎಂದರು ಮೇಸ್ತ್ರಿಗಳು. ಅದು ನಿಜ. ಆದರೆ ಯಾರ ಮನೆಯಲ್ಲಿ ಎಂದು ಹೇಳಲಿಲ್ಲ.

ಸಾಹೇಬರು ಕುರ್ಚಿ ಬಿಟ್ಟು ಎದ್ದರು. "ಬೆಟ್ಟದ ಬುಡದಲ್ಲಿ? ಅಷ್ಟು ಬೆಂಕಿಯಲ್ಲಿ? ಒಬ್ಬರೇ?"

"ಅಭ್ಯಾಸ ಆಗೋಯ್ತು ಸಾರ್."

ಆಮೇಲೆ ನಡೆದದ್ದರ ಮೇಲೆ ಮೇಸ್ತ್ರಿಗಳಿಗೆ ಯಾವ ಹಿಡಿತವೂ ಉಳಿಯಲಿಲ್ಲ. ಇಬ್ಬರು ಸ್ಟ್ರೆಚರ್ ತಂದು ಅವರನ್ನು ಮಲಗಿಸಿದರು. ಒಬ್ಬಳು ನರ್ಸು ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿದಳು. ಮನೆಗಳನ್ನೆಲ್ಲ ಖಾಲಿ ಮಾಡಿಸಿದ್ದೇವೆ ಎಂದು ಹೇಳಿದ್ದ ಇನ್ನೊಬ್ಬ ಪೊಲೀಸಿನವನಿಗೆ ಸಾಹೇಬರು ಎಲ್ಲರೆದುರೇ ಛೀಮಾರಿ ಹಾಕಿದರು. ಮೈಕಿನಲ್ಲಿ ಧ್ವನಿ ಮೊಳಗಿತು: "ಕಂಡಕ್ಟರ್ ಕುಟುಂಬದವರು ಬಾಗಿಲ ಹತ್ತಿರ ಬರಬೇಕು. ನೀವು ಮನೆಯಲ್ಲೇ ಮರೆತು ಬಂದಿದ್ದ ಹಿರಿಯರು ಸಿಕ್ಕಿದ್ದಾರೆ."

ಕಂಡಕ್ಟರ್ ಓಡಿ ಬಂದರು. ಯಾರನ್ನು ಮರೆತು ಬಂದೆವು ಎಂದು ದಾರಿಯುದ್ದಕ್ಕೂ ಬೆರಳು ಮಡಚಿ ಲೆಕ್ಕ ಹಾಕುತ್ತಲೇ ಬಂದರು. ಸ್ಟ್ರೆಚರ್ ಮೇಲೆ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಷಡ್ಡಕರನ್ನು ಕಂಡು ಬೆಪ್ಪಾಗಿ ನಿಂತರು.

"ಅಣ್ಣಾ?"

ಮೇಸ್ತ್ರಿಗಳು ಒಂದು ಕಣ್ಣು ಮಿಟುಕಿಸಿದರು. ಕಂಡಕ್ಟರಿಗೆ ಏನೂ ಅರ್ಥವಾಗಲಿಲ್ಲ, ಆದರೆ ಹಿರಿಯರು ಕಣ್ಣು ಮಿಟುಕಿಸಿದರೆ ಸುಮ್ಮನಿರಬೇಕು ಎಂಬಷ್ಟು ಗೊತ್ತಿತ್ತು. ಬಗ್ಗಿ ತಬ್ಬಿಕೊಂಡರು. ಸುತ್ತಲಿದ್ದವರು ಕಣ್ಣೊರೆಸಿಕೊಂಡರು.

"ಅಲ್ರೀ, ಬಾಚಣಿಗೆ ಮರೀದೆ ತಗೊಂಡಿದ್ದೀರಿ, ಮನೆ ಹಿರಿಯರನ್ನ ಮರೆತು ಬಂದಿದ್ದೀರಲ್ಲ," ಎಂದು ಸಾಹೇಬರು ಕಂಡಕ್ಟರಿಗೂ ಎರಡು ಮಾತು ಹೇಳಿದರು. ಮೇಸ್ತ್ರಿಗಳನ್ನು ಬಲ್ಲ ನಮ್ಮ ಬೀದಿಯವರು ಗುಟ್ಟು ಬಿಟ್ಟುಕೊಡಲಿಲ್ಲ, ಬೇರೆ ಬೀದಿಗಳ ಹೆಂಗಸರು ಕಂಡಕ್ಟರ ಹೆಂಡತಿಯನ್ನು ನೋಡಿ ಮೂಗು ಮುರಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ತಡೆದರು. ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ನಳಿಗೆಯ ಹಿಂದಿನಿಂದ ಅದನ್ನು ನೋಡುತ್ತಿದ್ದ ಮೇಸ್ತ್ರಿಗಳಿಗೆ ಬಹಳ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಅವರಿಗೆ ಸಿಕ್ಕ ಮಂಚ ಕಂಡಕ್ಟರ ಮಂಚದ ಪಕ್ಕದ್ದೇ. ಎಲ್ಲರೂ ಆಚೆ ಹೋದ ಮೇಲೆ ಮೇಸ್ತ್ರಿಗಳು ಎದ್ದು ಕೂತು ತನಿಖೆ ಆರಂಭಿಸಿದರು. ಮುಷ್ಟಿಯಿಂದ ಒತ್ತಿದರು, ಹಾಸಿಗೆ ತಗ್ಗಿ ಮತ್ತೆ ಮೇಲೆದ್ದಿತು. ಅಂಚು ಮಡಚಿದರು, ಮುರುಟಲಿಲ್ಲ. ಮೂಸಿದರು, ಮುಗ್ಗಲು ವಾಸನೆ ಇಲ್ಲ. ಒಂದು ತಪ್ಪಾದರೂ ಸಿಕ್ಕೇ ಸಿಗುತ್ತದೆ ಎಂದು, ಬರೀ ಪರೀಕ್ಷೆಗಾಗಿ, ಬೆನ್ನು ಚಾಚಿದರು.

ಎಚ್ಚರವಾದಾಗ ಮಾರನೆಯ ಬೆಳಿಗ್ಗೆಯಾಗಿತ್ತು. ಡಾಕ್ಟರು, ನರ್ಸು, ಕಷ್ಟ ಕೇಳುವ ಮೇಡಂ ಮೂವರೂ ಮಂಚದ ಸುತ್ತ ನಿಂತಿದ್ದರು. "ಪಾಪ, ಎಷ್ಟು ದಣಿದಿದ್ದರೋ," ಎಂದರು ಮೇಡಂ. ಮೇಸ್ತ್ರಿಗಳಿಗೆ ಅಳು ಬರುವ ಹಾಗಾಯಿತು. ಅಂಥ ನಿದ್ರೆ ಅವರೂ ಕಂಡಿರಲಿಲ್ಲ. ಆ ಹಾಸಿಗೆ ಹೊಲಿದವನು ಕೈಗೆ ಸಿಕ್ಕಿದ್ದರೆ ಕತ್ತು ಹಿಸುಕುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಸಾಲು ನಿಂತಾಗ ಅವರು ಕತ್ತರಿ ತೆಗೆದು ಹಾಸಿಗೆಯ ಒಂದು ಮೂಲೆಯನ್ನು ಬಿಚ್ಚಿದರು. ಹತ್ತಿ ಹದವಾಗಿ ಹಿಂಜಿದ್ದು, ಪದರ ಪದರವಾಗಿ ಹಾಸಿದ್ದು, ಎಲ್ಲೂ ಗಂಟಿಲ್ಲ. ಕಳ್ಳ, ಎಷ್ಟು ಚೆನ್ನಾಗಿ ಮಾಡಿದ್ದಾನೆ ಎಂದು ಬೈದುಕೊಳ್ಳುತ್ತ ಕೈಯನ್ನು ಮೂಲೆಯ ಒಳಕ್ಕೆ ತೂರಿಸಿದರು. ಬೆರಳಿಗೆ ಒಂದು ದಾರ ಸಿಕ್ಕಿತು. ಹೊರಗೆ ಎಳೆದರು. ಕೆಂಪು ದಾರ, ಒಂದರ ಮೇಲೊಂದು ಮೂರು ಗಂಟು.

ಒಳಮೂಲೆಯಲ್ಲಿ ಹೀಗೆ ಯಾರಿಗೂ ಕಾಣದ ಹಾಗೆ ಗಂಟು ಹಾಕುವ ಚಾಳಿ ಪ್ರಪಂಚದಲ್ಲಿ ಒಬ್ಬನೇ ಒಬ್ಬನಿಗೆ ಇತ್ತು. ಆ ಮನುಷ್ಯ ಈಗ ಕತ್ತರಿ ಹಿಡಿದು ಶಿಬಿರದ ಮಂಚದ ಮೇಲೆ ಕೂತಿದ್ದ. ಅಂಗಡಿ ಹೊಸದಾಗಿ ತೆರೆದಾಗ ಗುತ್ತಿಗೆದಾರನೊಬ್ಬ ನರ್ಸುಗಳ ಹಾಸ್ಟೆಲಿಗೆಂದು ಹೊಲಿಸಿದ ಹಾಸಿಗೆಗಳು ಇವು. ಹೆಸರು ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ಜೀವ ತೇಯ್ದು ಹೊಲಿದಿದ್ದರು. ಹಾಸ್ಟೆಲು ಮುಚ್ಚಿತು, ಹಾಸಿಗೆ ಸರ್ಕಾರದ ಉಗ್ರಾಣ ಸೇರಿತು, ಮೇಸ್ತ್ರಿಗಳು ಮರೆತೂಬಿಟ್ಟಿದ್ದರು.

ಸಂತೋಷದಿಂದ ಕೂಗಬೇಕೆಂದು ಬಾಯಿ ತೆರೆದವರು ಹಾಗೇ ಮುಚ್ಚಿದರು. ಏನೆಂದು ಕೂಗುವುದು? ಹೊಲಿದವನು ನಾನು ಎಂದರೆ, ಹಾಗಾದರೆ ನೀನು ಹಾಸಿಗೆ ಮೇಸ್ತ್ರಿ, ಈಚೆ ಸಾಲಿನವನು, ಸುಳ್ಳು ಹೇಳಿ ಒಳಗೆ ಬಂದು ಆಮ್ಲಜನಕ ಕುಡಿದವನು ಎಂದು ಹಿಡಿದು ಒಳಗೆ ಹಾಕುತ್ತಾರೆ. ಸುಮ್ಮನಿದ್ದರೆ ಹೆಸರೆಲ್ಲ ಸರ್ಕಾರಕ್ಕೆ ಹೋಗುತ್ತದೆ, ಟೀಚರಮ್ಮನ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಹೆಂಡತಿಯ ಆ ಉಸಿರು ಗೋಡೆಗೇ ಹೋಗುತ್ತದೆ.

ಅಂದೇ ಮಂತ್ರಿಗಳು ಬಂದರು. ಜೊತೆಗೆ ಟಿವಿಯವರು. ಮಂತ್ರಿಗಳು ನೇರವಾಗಿ ಕಂಡಕ್ಟರ ಹತ್ತಿರ ಹೋಗಿ, "ಹೇಗಿದೆ ವ್ಯವಸ್ಥೆ?" ಎಂದರು. ಕಂಡಕ್ಟರ್ ಹಾಸಿಗೆ ತಟ್ಟಿ ತಮ್ಮ ನಿದ್ರೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಮಂತ್ರಿಗಳು ಹಿಗ್ಗಿ ಕ್ಯಾಮೆರಾ ಕಡೆ ತಿರುಗಿ, "ಜನರ ನಿದ್ರೆಯ ವಿಷಯದಲ್ಲಿ ನಮ್ಮ ಸರ್ಕಾರ ಸದಾ ಎಚ್ಚರವಾಗಿದೆ," ಎಂದರು.

ಮೇಸ್ತ್ರಿಗಳಿಗೆ ತಡೆಯಲಾಗಲಿಲ್ಲ. ಮಂಚದ ಮೇಲೆ ಹತ್ತಿ ನಿಂತು ಹರಿದ ಮೂಲೆಯನ್ನು ಕ್ಯಾಮೆರಾಕ್ಕೆ ಹಿಡಿದರು.

"ಸರ್ಕಾರದ್ದಲ್ಲ ಇದು. ನಾನು ಹೊಲಿದದ್ದು. ನೋಡಿ, ಕೆಂಪು ದಾರ, ಮೂರು ಗಂಟು. ಇಲ್ಲಿರೋ ಎಲ್ಲಾ ಹಾಸಿಗೇನೂ ನಾನೇ ಹೊಲಿದದ್ದು."

"ಬೆಂಕಿ ಮಧ್ಯೆ ಉಳಿದುಹೋಗಿದ್ದ ಹಿರಿಯರು ಸಾರ್," ಎಂದು ಸಾಹೇಬರು ಮಂತ್ರಿಗಳ ಕಿವಿಯಲ್ಲಿ ಹೇಳಿದರು. ಕಷ್ಟ ಕೇಳುವ ಮೇಡಂ ಬಂದು ಮೇಸ್ತ್ರಿಗಳ ಕೈ ಹಿಡಿದುಕೊಂಡು ಹೂಂ ಹೂಂ ಎಂದರು. "ಎಲ್ಲಾ ಕಳ್ಕೊಂಡ ಹೆದರಿಕೆ ಇದು. ಕೈಗೆ ಸಿಕ್ಕಿದ್ದನ್ನೆಲ್ಲ ನಾನೇ ಮಾಡಿದ್ದು ಅನ್ನಿಸುತ್ತೆ. ನಿನ್ನೆ ಒಬ್ಬರು ಈ ಕಟ್ಟಡ ಕಟ್ಟಿದ್ದು ನಾನೇ ಅಂದ್ರು."

"ಅವನು ಗಾರೆ ಕೆಲಸದವನು. ನಿಜವಾಗ್ಲೂ ಕಟ್ಟಿರ್ತಾನೆ," ಎಂದರು ಮೇಸ್ತ್ರಿಗಳು.

ಸಾಹೇಬರ ಹುಬ್ಬು ಮೇಲೇರಿತು. "ಒಂದ್ನಿಮಿಷ. ಬೆಟ್ಟದ ಸಾಲಲ್ಲಿ ಹಾಸಿಗೆ ಹೊಲಿಯೋರು ಯಾರೂ ಇಲ್ಲ. ಕಂಡಕ್ಟ್ರೇ, ನಿಜ ಹೇಳಿ. ಇವರಿಗೆ ಹೊಲಿಯೋಕೆ ಬರುತ್ತಾ?"

ಛೀಮಾರಿ ತಿಂದಿದ್ದ ಪೊಲೀಸಿನವನು ಎರಡು ಹೆಜ್ಜೆ ಮುಂದೆ ಬಂದು ನಿಂತ. ಕಂಡಕ್ಟರ್ ಅವನನ್ನು ನೋಡಿದರು, ಅವನ ಕೈಯ ಲಾಠಿ ನೋಡಿದರು, ಮಂಚದ ಮೇಲೆ ನಿಂತ ಷಡ್ಡಕರನ್ನು ನೋಡಿದರು. ಆಮೇಲೆ ಆ ಒಳ್ಳೆಯ ಮನುಷ್ಯ ಜೀವಮಾನದಲ್ಲಿ ಮೊದಲನೆಯ ಸುಳ್ಳು ಹೇಳಿದರು.

"ಇಲ್ಲ ಸಾರ್. ಹೊಲಿಗೆ ಗಿಲಿಗೆ ಏನೂ ಬರಲ್ಲ. ನಮ್ಮಣ್ಣ ಮೊದಲಿಂದ್ಲೂ ಹೀಗೇ. ತಲೆ ಸ್ವಲ್ಪ ಸರಿಯಿಲ್ಲ. ಒಂದು ಸಲ ರೈಲು ನಂದು ಅಂತ ಹಳಿ ಮೇಲೆ ಕೂತಿದ್ರು."

ಮಂತ್ರಿಗಳು ಮರುಕದಿಂದ ಮೇಸ್ತ್ರಿಗಳ ಬೆನ್ನು ಸವರಿ ಇನ್ನೊಂದು ಕಂಬಳಿ ಕೊಡಿಸಿದರು. ಮೇಸ್ತ್ರಿಗಳು ಕಂಬಳಿ ಹಿಡಿದುಕೊಂಡು ಷಡ್ಡಕರನ್ನು ದುರುಗುಟ್ಟಿ ನೋಡಿದರು. ತಮ್ಮನ್ನು ಉಳಿಸಿದರಲ್ಲ ಎಂಬ ಕೃತಜ್ಞತೆ ಆ ನೋಟದಲ್ಲಿ ಎಳ್ಳಷ್ಟೂ ಇರಲಿಲ್ಲ.

ಗಾಳಿ ತಿರುಗಿತು, ಬೆಂಕಿ ಆರಿತು, ಸರ್ಕಾರ ಎಲ್ಲರನ್ನೂ ಬಸ್ಸಿನಲ್ಲಿ ತಂದು ಅವರವರ ಬಾಗಿಲಲ್ಲಿ ಇಳಿಸಿತು. ಮೇಸ್ತ್ರಿಗಳನ್ನು ಇಳಿಸಿದ್ದು ಕಂಡಕ್ಟರ ಬಾಗಿಲಲ್ಲಿ. ಪೊಲೀಸಿನವನು ಅವರನ್ನು ಕೈ ಹಿಡಿದು ಒಳಗೆ ಬಿಟ್ಟು, "ಈ ಸಲ ಮರೀಬೇಡಿ," ಎಂದು ಕಂಡಕ್ಟರಿಗೆ ಹೇಳಿಯೇ ಹೋದ. ಬಸ್ಸು ಮರೆಯಾದ ಮೇಲೆ ಮೇಸ್ತ್ರಿಗಳು ಮೆಲ್ಲನೆ ಬಾಗಿಲು ತೆರೆದು ಇಣುಕಿದರು. ರಸ್ತೆಯಾಚೆ ಅವರ ಅಂಗಡಿಯ ಮುಂದೆ ನಾವೆಲ್ಲ ಸೇರಿದ್ದೆವು. ನಡುವೆ ಅವರ ಹೆಂಡತಿ ಕೈಕಟ್ಟಿ ನಿಂತಿದ್ದರು.

ಮೇಸ್ತ್ರಿಗಳು ಇಂಗು ತಿಂದ ಮಂಗನ ಮುಖ ಹೊತ್ತು ರಸ್ತೆ ದಾಟಿದರು.

"ಟಿವಿ ನೋಡ್ದೆ," ಎಂದರು ಹೆಂಡತಿ.

"ನೀನೂ ನಂಬಲ್ಲ, ಅಲ್ವಾ?"

"ಯಾಕೆ ನಂಬಲ್ಲ? ಆ ದಾರ ಸೂಜಿಗೆ ಪೋಣಿಸಿ ಕೊಡ್ತಿದ್ದೋಳು ನಾನು. ನನಗೆ ಗೊತ್ತಾಗಲ್ವಾ ನಿಮ್ಮ ಗಂಟು?" ಆಕೆಯ ದನಿ ಸ್ವಲ್ಪ ಮೆತ್ತಗಾಯಿತು. "ಆವತ್ತು ಮಲಗಿದಾಗಲೇ ಅನ್ನಿಸ್ತು, ಇದು ಎಲ್ಲೋ ಗೊತ್ತಿರೋ ಕೈ ಅಂತ."

ಮೇಸ್ತ್ರಿಗಳ ಕಣ್ಣು ತುಂಬಿತು. ಬೀದಿಯ ಅಭಿಪ್ರಾಯ ಅಲ್ಲೇ ಪಲ್ಟಿ ಹೊಡೆಯಿತು. "ನಾನು ಆವತ್ತೇ ಹೇಳಿರಲಿಲ್ವಾ?" ಎಂದ ಕ್ಷೌರದಂಗಡಿಯವನು. ಅವನು ಏನನ್ನೂ ಹೇಳಿರಲಿಲ್ಲ. "ಹೊಗೆ ಅಡಗಿತಲ್ಲ ಮೇಸ್ತ್ರಿಗಳೇ, ನಮ್ಮ ಎರಡು ಹಾಸಿಗೆ ಶುರು ಮಾಡಿ," ಎಂದರು ಟೀಚರಮ್ಮ. ಮೇಸ್ತ್ರಿಗಳ ಎದೆ ಅಂಗಿಯ ಗುಂಡಿಗೆ ಒತ್ತುವಷ್ಟು ಉಬ್ಬಿತು. ಅದು ಅವರ ಬಾಳಿನ ಅತ್ಯುತ್ತಮ ಗಳಿಗೆ. ಅದು ಕೆಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹಾಗಾದ್ರೆ ಒಂದು ಮಾತು," ಎಂದರು ಹೆಂಡತಿ. "ಸರ್ಕಾರದ ಹಾಸಿಗೆ ಹೊಲಿದದ್ದೂ ನೀವೇ. ನನ್ನ ತಂಗಿ ಮದುವೆ ಹಾಸಿಗೆ ಹೊಲಿದದ್ದೂ ನೀವೇ. ಕೈ ಒಂದೇ. ಅದ್ಯಾಕೆ ಹಾಗೆ, ಇದ್ಯಾಕೆ ಹೀಗೆ?"

ಅದೇ ಹೊತ್ತಿಗೆ ರಸ್ತೆಯಾಚೆ ಕಂಡಕ್ಟರ್ ಹೊಗೆ ವಾಸನೆ ಹೋಗಲೆಂದು ತಮ್ಮ ಮನೆಯ ಹಾಸಿಗೆಯನ್ನು ಹೊತ್ತು ತಂದು ಕಾಂಪೌಂಡ್ ಗೋಡೆಯ ಮೇಲೆ ಹಾಕಿದರು. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು. ಮೇಸ್ತ್ರಿಗಳ ಹೆಂಡತಿ ಗಂಡನ ಕೈಚೀಲದಿಂದ ಕತ್ತರಿ ತೆಗೆದುಕೊಂಡರು.

"ಲೇ, ನಿಂತ್ಕೋ. ಹಳೇ ಹಾಸಿಗೆ ಬಿಚ್ಚಿದ್ರೆ ಧೂಳು. ನಿನಗೆ ಕೆಮ್ಮು ಬರುತ್ತೆ."

ಆಕೆ ರಸ್ತೆ ದಾಟಿ ಹಾಸಿಗೆಯನ್ನು ಉದ್ದಕ್ಕೆ ಸೀಳಿದರು. ಮೊದಲು ಬಂದದ್ದು ಅಂಗಡಿಯ ಕಸ. ಆಮೇಲೆ ಗೋಣಿಯ ಚೂರು, ಕೊಡೆಯ ಬಟ್ಟೆ, ಒಂದು ಕೋಟಿನ ತೋಳು. ಕೊನೆಗೆ, ಸರಿಯಾಗಿ ಸೊಂಟ ಬರುವ ಜಾಗದಿಂದ, ಒಂದು ಬೂಟಿನ ಅಟ್ಟೆ. ಕಂಡಕ್ಟರ್ ಅದನ್ನು ಕೈಗೆತ್ತಿಕೊಂಡು ಬಹುಕಾಲದ ಪರಿಚಯಸ್ಥನನ್ನು ಕಂಡ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದೇ ಅಣ್ಣಾ," ಎಂದರು. "ಎಡಗಡೆ ಒತ್ತುತ್ತಿದ್ದಿದ್ದು ಇದೇ."

ವಿಷಯ ಇಷ್ಟೇ. ಆ ಮದುವೆಯಲ್ಲಿ ಮಾವನವರು ನೂರು ಜನರ ಮುಂದೆ ಕಿರಿಯ ಅಳಿಯನ ಹೆಗಲ ಮೇಲೆ ಕೈ ಹಾಕಿ, "ಈ ಅಳಿಯನಿಗೆ ಸರ್ಕಾರಿ ನೌಕರಿ," ಎಂದಿದ್ದರು. ಹಿರಿಯ ಅಳಿಯನ ಬಗ್ಗೆ ಏನೂ ಹೇಳಿರಲಿಲ್ಲ, ಹಾಸಿಗೆ ಯಾವಾಗ ಬರುತ್ತದೆ ಎಂದು ಕೇಳಿದ್ದು ಬಿಟ್ಟರೆ.

ಈಗ ಬೀದಿಗೆ ಬೀದಿಯೇ ಮೇಸ್ತ್ರಿಗಳನ್ನು ನೋಡುತ್ತಿತ್ತು. ಹೆಂಡತಿ ಕತ್ತರಿ ಹಿಡಿದೇ ಇದ್ದರು. ಮೇಸ್ತ್ರಿಗಳು ಒಂದು ಹೆಜ್ಜೆ ಹಿಂದೆ ಸರಿದರು.

"ಯಾರು ಹೇಳಿದ್ದು ಅದು ನಾನು ಹೊಲಿದದ್ದು ಅಂತ?" ಎಂದರು. "ನನಗೆ ಹೊಲಿಗೆ ಗಿಲಿಗೆ ಏನೂ ಬರಲ್ಲ. ಮಂತ್ರಿಗಳ ಮುಂದೆ ನಿಮ್ಮ ಕಂಡಕ್ಟ್ರೇ ಹೇಳಿಲ್ವಾ, ನನಗೆ ತಲೆ ಸರಿಯಿಲ್ಲ ಅಂತ?"

ಮೊದಲು ನಕ್ಕದ್ದು ಕಂಡಕ್ಟರ್. ಹೆಂಡತಿ ನಗಲಿಲ್ಲ. ಆಕೆ ಮಾರನೆಯ ದಿನವೇ ಅಂಗಡಿಯಲ್ಲಿ ಮಣೆ ಹಾಕಿಕೊಂಡು ಕೂತು, ಹಿಡಿ ಹಿಡಿ ಹತ್ತಿಯನ್ನೂ ಕಣ್ಣಾರೆ ನೋಡಿ ತಂಗಿಗೆ ಹೊಸ ಹಾಸಿಗೆ ಹೊಲಿಸಿದರು. ಕೆಂಪು ದಾರವನ್ನು ತಾವೇ ಪೋಣಿಸಿಕೊಟ್ಟರು. ಹಳೆಯದನ್ನು ಅದರ ಕಸ, ತೋಳು, ಅಟ್ಟೆ ಸಮೇತ ಮತ್ತೆ ಹೊಲಿಸಿ ಗಂಡನ ಮಂಚಕ್ಕೆ ಹಾಕಿಸಿದರು.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಮೇಸ್ತ್ರಿಗಳು ಅಂಗಡಿ ಮುಚ್ಚಿ ಅದರ ಮೇಲೆ ಒರಗುತ್ತಾರೆ. ಬಲಕ್ಕೆ ತಿರುಗುತ್ತಾರೆ, ಎಡಕ್ಕೆ ತಿರುಗುತ್ತಾರೆ, ಅಟ್ಟೆ ಎರಡು ಕಡೆಗೂ ಬರುತ್ತದೆ. ಆಗ ರಸ್ತೆಯಾಚೆಯಿಂದ ಕಂಡಕ್ಟರ ಗೊರಕೆ ತೆರೆದ ಕಿಟಕಿಯಲ್ಲಿ ತೇಲಿ ಬರುತ್ತದೆ, ಏರುಪೇರಿಲ್ಲದೆ, ತುಂಬು ತೃಪ್ತಿಯಿಂದ.

"ಕೇಳಿಸ್ತಾ? ಎಂಥಾ ನಿದ್ರೆ ನೋಡು ಅವನದು," ಎನ್ನುತ್ತಾರೆ ಮೇಸ್ತ್ರಿಗಳು.

"ಕಿಟಕಿ ಹಾಕ್ಕೊಳ್ಳಿ," ಎನ್ನುತ್ತಾರೆ ಹೆಂಡತಿ.